ಮೊದಲು ಬಿಚ್ಚಿ, ಆಮೇಲೆ ಕೊಳ್ಳಿ: ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕುವ ಕ್ರಮ

ನನ್ನ ಮೇಜಿನ ಡ್ರಾಯರಿನಲ್ಲಿ ನಾಲ್ಕು ಜಿಬಿಯ ಒಂದು ರ‍್ಯಾಮ್ ಬಿದ್ದಿದೆ. ಕೆಟ್ಟಿಲ್ಲ, ನಕಲಿಯೂ ಅಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಗೆ ಹೋಗಿ, ಬಿಸಿಲಲ್ಲಿ ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿಕೊಂಡ ಖುಷಿಯಲ್ಲಿ ಮನೆಗೆ ತಂದದ್ದು. ಅಂಗಡಿಯವರು ಯಾವ ಜಾತಿಯದು ಬೇಕೆಂದು ಕೇಳಿದಾಗ ‘ಡಿಡಿಆರ್ 3’ ಎಂದಿದ್ದೆ. ಅವರು ಕೊಟ್ಟದ್ದೂ ಅದನ್ನೇ. ಲ್ಯಾಪ್‌ಟಾಪಿಗೆ ಬೇಕಾಗಿದ್ದದ್ದು ಡಿಡಿಆರ್ 3ಎಲ್.

ಕೊನೆಯ ಆ ‘ಎಲ್’ ಅಕ್ಷರದ ಅರ್ಥ ಇಷ್ಟೇ: 1.5 ವೋಲ್ಟ್ ಬದಲು 1.35 ವೋಲ್ಟ್‌ನಲ್ಲಿ ಕೆಲಸ ಮಾಡುವ ಜಾತಿ. ಎರಡಕ್ಕೂ ಒಂದೇ ಉದ್ದ, ಅದೇ 204 ಪಿನ್ನು, ಕೆಳಗಿನ ಕಚ್ಚು ಕೂಡ ಒಂದೇ ಜಾಗದಲ್ಲಿ. ಸ್ಲಾಟಿನಲ್ಲಿ ಲಕ್ಷಣವಾಗಿ ಕೂತಿತು. ಗುಂಡಿ ಒತ್ತಿದರೆ ಫ್ಯಾನ್ ಒಮ್ಮೆ ತಿರುಗಿ ನಿಂತಿತು, ಪರದೆ ಕಪ್ಪಗೇ ಉಳಿಯಿತು. ಕಡಿಮೆ ವೋಲ್ಟಿನದನ್ನು ಮಾತ್ರ ಒಪ್ಪುವ ಯಂತ್ರಕ್ಕೆ ಹೆಚ್ಚಿನದನ್ನು ಕೊಟ್ಟಿದ್ದೆ. ಮನೆಯಿಂದ ಹೊರಡುವ ಮೊದಲು ಹಳೆಯ ರ‍್ಯಾಮಿನ ಮೇಲಿನ ಚೀಟಿಯನ್ನು ಒಮ್ಮೆ ಓದಿದ್ದರೆ ಮುಗಿಯುತ್ತಿತ್ತು.

ಅಂದಿನಿಂದ ನನ್ನದು ಒಂದೇ ನಿಯಮ. ಮೊದಲು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಒಳಗಿರುವುದನ್ನು ಕಣ್ಣಾರೆ ನೋಡುವುದು, ಆಮೇಲೆ ಜೇಬಿಗೆ ಕೈ ಹಾಕುವುದು. ಇದರಿಂದ ಎರಡು ಸಲ ಬಿಚ್ಚಬೇಕಾಗುತ್ತದೆ, ನಿಜ. ಆದರೆ ಬಿಚ್ಚಲು ಹಿಡಿಯುವುದು ಹತ್ತು ನಿಮಿಷ, ತಪ್ಪು ಸರಕು ತಂದರೆ ಹೋಗುವುದು ಇನ್ನೊಂದು ಶನಿವಾರ. ಈಚೆಗೆ ತಂಗಿಯ ಮಗಳ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿದ್ದೂ ಇದೇ ಕ್ರಮದಲ್ಲಿ. ಅವಳು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾಳೆ. ಕೆಲಸವನ್ನೆಲ್ಲ ಅವಳೇ ಮಾಡಿದಳು, ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದೆ.

ರ‍್ಯಾಮ್ ಸಾಲುತ್ತಿಲ್ಲವೆಂದು ಹೇಗೆ ಗೊತ್ತು?

ಲ್ಯಾಪ್‌ಟಾಪ್ ನಿಧಾನವಾದರೆ ಎಲ್ಲರೂ ಮೊದಲು ದೂರುವುದು ರ‍್ಯಾಮನ್ನು. ಅನೇಕ ಸಲ ತಪ್ಪು ಅದರದ್ದಲ್ಲ.

ರ‍್ಯಾಮ್ ಎಂದರೆ ಅಡುಗೆಮನೆಯ ಕಟ್ಟೆ ಇದ್ದಂತೆ, ಡಿಸ್ಕ್ ಎಂದರೆ ಅಟ್ಟ. ಕಟ್ಟೆ ತುಂಬಿದಾಗ ಒಂದು ಪಾತ್ರೆ ಇಡಬೇಕೆಂದರೆ ಇನ್ನೊಂದನ್ನು ಅಟ್ಟಕ್ಕೆ ಏರಿಸಬೇಕು, ಮತ್ತೆ ಬೇಕಾದಾಗ ಇಳಿಸಬೇಕು. ಈ ಹತ್ತಿ ಇಳಿಯುವ ಕೆಲಸದಲ್ಲೇ ಯಂತ್ರ ಏದುಸಿರು ಬಿಡುವುದು. ಕಟ್ಟೆ ಖಾಲಿಯಿದ್ದೂ ಅಡುಗೆ ತಡವಾಗುತ್ತಿದ್ದರೆ ಕಟ್ಟೆಯನ್ನು ಉದ್ದ ಮಾಡಿ ಏನೂ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ದಿನವೂ ಏನೇನು ತೆರೆಯುತ್ತೀರೋ ಅದನ್ನೆಲ್ಲ ತೆರೆಯಿರಿ: ಬ್ರೌಸರಿನ ಇಪ್ಪತ್ತು ಮೂವತ್ತು ಟ್ಯಾಬು, ವಿಡಿಯೊ ಸಭೆ, ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಿರುವ ಕಡತ, ಎಲ್ಲವನ್ನೂ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಬಳಕೆ ಸದಾ ನೂರಕ್ಕೆ ಎಂಬತ್ತೈದು, ತೊಂಬತ್ತರ ಮೇಲೆಯೇ ಇದ್ದರೆ ಅನುಮಾನ ಸರಿ. ಇನ್ನೊಂದು ಗುರುತು ‘ಕಮಿಟೆಡ್’ ಎಂಬ ಸಾಲು. ಅಲ್ಲಿ ಎರಡು ಅಂಕಿಗಳಿರುತ್ತವೆ. ಮೊದಲ ಅಂಕಿ ನಿಮ್ಮಲ್ಲಿರುವ ರ‍್ಯಾಮಿಗಿಂತ ಹೆಚ್ಚಾಗಿಯೇ ಇರುತ್ತದೆಂದರೆ ನಿಮ್ಮ ಯಂತ್ರ ಅಟ್ಟ ಹತ್ತುತ್ತಿರುವ ಸಾಧ್ಯತೆ ಹೆಚ್ಚು. ತಂಗಿಯ ಮಗಳದ್ದು ಎಂಟು ಜಿಬಿಯ ಯಂತ್ರ. ಕಂಪ್ಯೂಟರಿನೊಳಗೆ ಫೋನನ್ನು ಅನುಕರಿಸುವ ಆಂಡ್ರಾಯ್ಡ್ ಎಮ್ಯುಲೇಟರ್ ತೆರೆದಾಗ ಆ ಅಂಕಿ ಹದಿಮೂರು ದಾಟಿತ್ತು.

ಮೆಮೊರಿ ಅರ್ಧವೇ ಬಳಕೆಯಾಗಿ ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಿದ್ದರೆ, ಒಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದೆಯೇ ನೋಡಿ. ಇದ್ದರೆ ಮೊದಲ ಖರ್ಚು ತಿರುಗುವ ಭಾಗವಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿಗೆ ಸಲ್ಲಬೇಕು, ರ‍್ಯಾಮಿಗಲ್ಲ. ಈ ಮಾತನ್ನು ಹೇಳಿ ನಾನು ಇಬ್ಬರು ಮೂವರ ರ‍್ಯಾಮ್ ಖರೀದಿ ತಪ್ಪಿಸಿದ್ದೇನೆ.

ಎಷ್ಟು ಬೇಕು? ವಿಂಡೋಸ್ 11ಕ್ಕೆ ನಾಲ್ಕು ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಬಸ್ಸಿನಲ್ಲಿ ನಿಂತು ಹೋಗಲು ಜಾಗವಿದೆ ಎಂದಂತೆ ಅದು. ಪತ್ರ, ಲೆಕ್ಕ, ಬ್ರೌಸರ್ ಇಷ್ಟಕ್ಕೆ ಎಂಟು ನಡೆಯುತ್ತದೆ. ಹದಿನಾರು ಇದ್ದರೆ ನೆಮ್ಮದಿ. ಮೂವತ್ತೆರಡು ಬೇಕಾಗುವುದು ವಿಡಿಯೊ ಕತ್ತರಿಸುವವರಿಗೆ, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ನಡೆಸುವವರಿಗೆ. ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನಿಮ್ಮ ಯಂತ್ರ 11ಕ್ಕೆ ಏರದಷ್ಟು ಹಳೆಯದಾಗಿದ್ದರೆ, ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿಲ್ಲದಿದ್ದರೆ, ಅದರ ಮೇಲೆ ದುಡ್ಡು ಸುರಿಯುವ ಮೊದಲು ಒಂದು ದಿನ ಯೋಚಿಸಿ.

ಹಾಕಲು ಜಾಗವಿದೆಯೇ?

ಇಂದಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಮುಖ್ಯ ಬೋರ್ಡಿಗೇ ಬೆಸುಗೆಯಾಗಿರುವುದು ಸಾಮಾನ್ಯ. ಎಲ್‌ಪಿಡಿಡಿಆರ್ ಎಂದು ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಬರೆದಿದ್ದರೆ ಅದು ಬಹುತೇಕ ಬೆಸುಗೆಯದೇ. ಆಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಂತೂ ರ‍್ಯಾಮ್ ಪ್ರೊಸೆಸರಿನ ಜೊತೆಯಲ್ಲೇ ಒಂದು ಪೊಟ್ಟಣವಾಗಿ ಬರುತ್ತದೆ. ಮನೆಯಲ್ಲಿ ಕೂತು ಮಾಡುವುದೇನೂ ಇಲ್ಲ. ಇಂಥ ಯಂತ್ರವಾದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು.

ಅದೇ ಮೆಮೊರಿ ಪುಟದಲ್ಲಿ ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ಬಿಚ್ಚಿ ತೆಗೆಯಬಹುದಾದದ್ದು, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆಯದು. ಪಕ್ಕದಲ್ಲೇ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂಬ ಲೆಕ್ಕವೂ ಇರುತ್ತದೆ. ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಬೆಸುಗೆಯ ಚಿಪ್ಪುಗಳನ್ನೂ ಸ್ಲಾಟುಗಳೆಂದು ಎಣಿಸಿ ‘ಎಂಟರಲ್ಲಿ ಎಂಟು’ ಎಂದು ತೋರಿಸುವ ಯಂತ್ರಗಳಿವೆ. ಒಂದು ಭಾಗ ಬೆಸುಗೆಯಾಗಿ, ಜೊತೆಗೆ ಒಂದೇ ಒಂದು ಸ್ಲಾಟ್ ಇರುವ ಮಿಶ್ರ ತಳಿಯೂ ಇದೆ.

ಹಾಗಾಗಿ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು, ಆ ಕಂಪನಿಯ ಜಾಲತಾಣದಿಂದ ರಿಪೇರಿ ಕೈಪಿಡಿಯನ್ನು ಇಳಿಸಿಕೊಳ್ಳಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಬಹಳಷ್ಟು ಮಾದರಿಗಳಿಗೆ ಇದನ್ನು ಉಚಿತವಾಗಿ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿದೆ, ಗರಿಷ್ಠ ಎಷ್ಟು ಜಿಬಿ ಹಿಡಿಯುತ್ತದೆ ಎಲ್ಲವೂ ಚಿತ್ರ ಸಮೇತ ಇರುತ್ತದೆ. ಯೂಟ್ಯೂಬಿನಲ್ಲಿ ನಿಮ್ಮದೇ ಮಾದರಿಯನ್ನು ಬಿಚ್ಚಿದ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು; ‘ಹೆಚ್ಚೂಕಡಿಮೆ ಅದೇ’ ಮಾದರಿ ಬೇಡ. ವಾರಂಟಿ ಇನ್ನೂ ಇದ್ದರೆ ಕಂಪನಿಯ ಸಹಾಯವಾಣಿಗೆ ಒಂದು ಕರೆ ಮಾಡಿ, ಬಿಚ್ಚಬಹುದೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆಯಿರಿ.

ಮೊದಲ ಸಲ ಬಿಚ್ಚುವುದು

ಬೇಕಾದದ್ದು ಹೆಚ್ಚಿಲ್ಲ. ಚಿಕ್ಕ ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಅವಧಿ ಮುಗಿದ ಎಟಿಎಂ ಕಾರ್ಡ್, ಮೊಬೈಲ್ ಕ್ಯಾಮೆರಾ, ಒಳ್ಳೆಯ ಬೆಳಕು. ಗಡಿಯಾರ ರಿಪೇರಿಯ ಅಗ್ಗದ ಸೆಟ್ಟಿನ ತುದಿ ಮೆದುವಾಗಿರುತ್ತದೆ, ಸ್ಕ್ರೂವಿನ ತಲೆ ಸವೆದರೆ ಮುಂದಿನ ಕಥೆ ಉದ್ದ. ಸ್ಕ್ರೂಡ್ರೈವರಿಗೆ ನೂರಿನ್ನೂರು ಹೆಚ್ಚು ಕೊಡಿ.

ಸ್ಕ್ರೂಗಳನ್ನು ಇಡಲು ನಾನು ಪಡ್ಡಿನ ಹಂಚನ್ನು ಬಳಸುತ್ತೇನೆ. ಮನೆಯಲ್ಲಿ ಇದಕ್ಕೆ ಆಕ್ಷೇಪವಿದೆ, ಆದರೂ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಹಂಚನ್ನು ಎಣ್ಣೆ ಹೋಗುವಂತೆ ತೊಳೆದು ಒರೆಸಿ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಅದೇ ದಿಕ್ಕಿಗೆ ಇಡಿ. ಮೇಲಿನ ಎಡ ಮೂಲೆಯ ಸ್ಕ್ರೂ ಮೇಲಿನ ಎಡ ಗುಳಿಗೆ, ನಡುವಿನದು ನಡುವಿಗೆ. ಇದು ಚೆಂದಕ್ಕೆ ಮಾಡುವ ಕೆಲಸವಲ್ಲ. ಲ್ಯಾಪ್‌ಟಾಪಿನ ಹಿಂಭಾಗದ ಸ್ಕ್ರೂಗಳು ಸಾಮಾನ್ಯವಾಗಿ ಉದ್ದ, ಮುಂಭಾಗದವು ಗಿಡ್ಡ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಕೈಯೂರುವ ಜಾಗದಲ್ಲಿ ಗುಳ್ಳೆಯಂತೆ ಎದ್ದು ಬರುತ್ತದೆ, ಕೆಲವೊಮ್ಮೆ ತೂತೇ ಆಗುತ್ತದೆ.

ಆಫ್ ಮಾಡುವುದರಲ್ಲೂ ಒಂದು ಸೂಕ್ಷ್ಮವಿದೆ. ವಿಂಡೋಸ್‌ನ ಸಾಮಾನ್ಯ ‘ಶಟ್ ಡೌನ್’ ಎಂದರೆ ಅರ್ಧ ನಿದ್ದೆ. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್ ಡೌನ್ ಮಾಡಿದರೆ ಪೂರ್ತಿ ಆರುತ್ತದೆ. ಚಾರ್ಜರ್, ಪೆನ್ ಡ್ರೈವ್, ಮೌಸಿನ ತುಣುಕು ಎಲ್ಲವನ್ನೂ ಕಿತ್ತು, ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಬೋರಲು ಹಾಕಿ.

ಇನ್ನು ಮೈಯ ಸ್ಥಾಯಿ ವಿದ್ಯುತ್ತು. ಮಳೆಗಾಲದ ಬೆಂಗಳೂರಿನಲ್ಲಿ ಇದರ ಕಾಟ ಕಡಿಮೆ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಗಾಳಿ ಒಣಗಿರುತ್ತದೆ, ಆಗ ಸ್ವೆಟರ್ ತೆಗೆಯುವಾಗ ಚಟಚಟ ಎನ್ನುವುದು ಅದೇ. ಹತ್ತಿ ಬಟ್ಟೆ ತೊಟ್ಟುಕೊಳ್ಳಿ, ಉಣ್ಣೆಯದೂ ನೈಲಾನಿನದೂ ಬೇಡ. ಕೆಲವರು ನಲ್ಲಿ ಮುಟ್ಟಿ ಬನ್ನಿ ಎನ್ನುತ್ತಾರೆ. ಈಗಿನ ಮನೆಗಳ ಕೊಳವೆಗಳೆಲ್ಲ ಪ್ಲಾಸ್ಟಿಕ್ಕು, ಮುಟ್ಟಿ ಫಲವಿಲ್ಲ. ಬೆನ್ನು ತೆರೆದ ಮೇಲೆ ಏನನ್ನಾದರೂ ಹಿಡಿಯುವ ಮುಂಚೆ ಒಳಗಿನ ಯುಎಸ್‌ಬಿ ಕಿಂಡಿಯ ಲೋಹದ ಕವಚವನ್ನು ಒಮ್ಮೆ ಮುಟ್ಟಿ. ನೀವೂ ಯಂತ್ರವೂ ಸಮವಾಗುತ್ತೀರಿ, ಕಿಡಿ ಹಾರುವ ಪ್ರಶ್ನೆ ಬರುವುದಿಲ್ಲ.

ಎಲ್ಲ ಸ್ಕ್ರೂ ತೆಗೆದ ಮೇಲೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ. ಒಂದೋ ರಬ್ಬರ್ ಕಾಲಿನ ಅಡಿಯಲ್ಲಿ ಇನ್ನೊಂದು ಸ್ಕ್ರೂ ಅಡಗಿದೆ, ಇಲ್ಲವೇ ಸುತ್ತಲಿನ ಪ್ಲಾಸ್ಟಿಕ್ ಕೊಂಡಿಗಳು ಹಿಡಿದುಕೊಂಡಿವೆ. ಕಾರ್ಡಿನ ಅಂಚನ್ನು ಪರದೆಯ ಕೀಲಿನ ಪಕ್ಕದಲ್ಲಿ ತೂರಿಸಿ ನಿಧಾನವಾಗಿ ಸುತ್ತ ಎಳೆಯುತ್ತಾ ಬನ್ನಿ. ಟಕ್, ಟಕ್ ಎಂದು ಒಂದೊಂದೇ ಕೊಂಡಿ ಬಿಡುತ್ತದೆ. ಮೊದಲ ಸದ್ದಿಗೆ ತಂಗಿಯ ಮಗಳು ಕೈ ಹಿಂದೆ ತೆಗೆದುಕೊಂಡಳು. ‘ಮಾವ, ಮುರಿಯಿತಾ?’ ಎಂದಳು. ಮುರಿದ ಸದ್ದು ಬೇರೆ. ಅದು ಒಣಕಡ್ಡಿ ಮುರಿದಂತೆ ಚಟ್ಟನೆ ಬರುತ್ತದೆ. ಮುಚ್ಚಳವನ್ನು ಒಮ್ಮೆಲೇ ಎತ್ತಿಬಿಡಬೇಡಿ. ಕೆಲವು ಮಾದರಿಗಳಲ್ಲಿ ಅದಕ್ಕೆ ತೆಳುವಾದ ಪಟ್ಟಿ ತಂತಿ ಅಂಟಿಕೊಂಡಿರುತ್ತದೆ, ಬಗ್ಗಿ ನೋಡಿ ಎತ್ತಿ.

ಒಳಗೆ ಮೊದಲ ಕೆಲಸ ಬ್ಯಾಟರಿಯದು. ಬ್ಯಾಟರಿ ಊದಿಕೊಂಡಿದ್ದರೆ, ಅದರ ಹೊದಿಕೆ ಉಬ್ಬಿದಂತೆ ಕಂಡರೆ, ರ‍್ಯಾಮಿನ ಮಾತು ಬಿಟ್ಟು ಅದನ್ನು ಬದಲಿಸುವ ವ್ಯವಸ್ಥೆ ಮಾಡಿ. ಸರಿಯಿದ್ದರೆ ಅದರಿಂದ ಬೋರ್ಡಿಗೆ ಹೋಗುವ ಕನೆಕ್ಟರನ್ನು ಬಿಡಿಸಿ. ತಂತಿ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಭಾಗವನ್ನೇ ಉಗುರಿನಿಂದ ಎಡಕ್ಕೂ ಬಲಕ್ಕೂ ತುಸು ತುಸುವೇ ಸರಿಸಿ. ಥಿಂಕ್‌ಪ್ಯಾಡ್‌ನಂಥ ಕೆಲವು ಯಂತ್ರಗಳಲ್ಲಿ ಬಿಚ್ಚುವ ಮೊದಲೇ, ವಿಂಡೋಸ್‌ಗೂ ಮುಂಚೆ ಏಳುವ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೋಗಿ ಒಳಗಿನ ಬ್ಯಾಟರಿಯನ್ನು ನಿಲ್ಲಿಸುವ ಸೌಲಭ್ಯವಿದೆ, ಇದ್ದರೆ ಬಳಸಿ. ಕನೆಕ್ಟರ್ ಬಿಡಿಸಿದ ಮೇಲೆ ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಅಲ್ಲಿಲ್ಲಿ ಉಳಿದ ವಿದ್ಯುತ್ತೂ ಬರಿದಾಗುತ್ತದೆ. ಬ್ಯಾಟರಿ ಬಿಡಿಸುವುದನ್ನು ‘ಪರವಾಗಿಲ್ಲ’ ಎಂದು ದಾಟಿಸುವವರಿದ್ದಾರೆ. ನಾನು ದಾಟಿಸುವುದಿಲ್ಲ.

ರ‍್ಯಾಮ್ ಕಾಣದಿದ್ದರೆ ಗಾಬರಿಯಾಗಬೇಡಿ, ಕಪ್ಪು ಹಾಳೆಯ ಅಥವಾ ಲೋಹದ ಪುಟ್ಟ ಮುಚ್ಚಳದ ಅಡಿಯಲ್ಲಿರಬಹುದು. ಸುಮಾರು ಮೂರು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರಿಗೆ ತುಸು ಕಡಿಮೆ ಉದ್ದದ ಹಸಿರೋ ಕಪ್ಪೋ ಪಟ್ಟಿ. ಎರಡೂ ಕಡೆ ಲೋಹದ ಕ್ಲಿಪ್ಪು.

ಚೀಟಿ ಓದುವುದು

ಇಲ್ಲಿ ಅವಸರ ಬೇಡ. ಹಾಳಾಗುವ ಖರೀದಿಗಳೆಲ್ಲ ಹಾಳಾಗುವುದು ಇಲ್ಲೇ.

ಚೀಟಿಯ ಮೇಲೆ ಕಂಪನಿಯ ಹೆಸರಿನ ಹತ್ತಿರ ಒಂದು ಸಾಲಿರುತ್ತದೆ. ತಂಗಿಯ ಮಗಳ ಯಂತ್ರದಲ್ಲಿ ಇದ್ದದ್ದು: ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಎಸ್’ ಮುಂತಾಗಿ. ಮೊದಲನೆಯದು ಗಾತ್ರ, ಎಂಟು ಜಿಬಿ. ‘1ಆರ್‌ಎಕ್ಸ್8’ ಎಂಬುದು ಚಿಪ್ಪುಗಳನ್ನು ಜೋಡಿಸಿರುವ ಬಗೆ, ನಮಗೆ ಅಷ್ಟಾಗಿ ಬೇಡ. ‘ಪಿಸಿ4’ ಎಂದರೆ ಡಿಡಿಆರ್ 4. ‘3200’ ಅದರ ವೇಗ. ಮುಂದಿನ ‘ಎಸ್’ ಲ್ಯಾಪ್‌ಟಾಪಿನ ಗಿಡ್ಡ ಅಳತೆಯದ್ದೆಂಬ ಗುರುತು. ಕೆಲವರು ಇದನ್ನೇ ‘ಪಿಸಿ4-25600’ ಎಂದು ಬರೆಯುತ್ತಾರೆ. ಗೊಂದಲ ಬೇಡ, 3200ನ್ನು ಎಂಟರಿಂದ ಗುಣಿಸಿದರೆ 25600; ಎರಡೂ ಒಂದೇ ಸರಕು. ಹಳೆಯ ಯಂತ್ರದಲ್ಲಿ ‘ಪಿಸಿ3ಎಲ್-12800’ ಎಂದಿದ್ದರೆ ಅದು 1600 ವೇಗದ ಡಿಡಿಆರ್ 3ಎಲ್. ಆ ‘ಎಲ್’ ಬಗ್ಗೆ ನಾನು ಮತ್ತೆ ಹೇಳಬೇಕಾಗಿಲ್ಲ.

ಜಾತಿ ಮಾತ್ರ ಬದಲಾಗುವಂತಿಲ್ಲ. ಡಿಡಿಆರ್ 3ಎಲ್‌ಗೆ 204 ಪಿನ್, 1.35 ವೋಲ್ಟ್. ಡಿಡಿಆರ್ 4ಕ್ಕೆ 260 ಪಿನ್, 1.2 ವೋಲ್ಟ್. ಡಿಡಿಆರ್ 5ಕ್ಕೆ 262 ಪಿನ್, 1.1 ವೋಲ್ಟ್. ಈ ಮೂರರಲ್ಲೂ ಕಚ್ಚಿನ ಜಾಗ ಬೇರೆ ಬೇರೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ವೇಗದಲ್ಲಿ ಅಷ್ಟು ಬಿಗಿಯಿಲ್ಲ: 2666ರ ಪಕ್ಕದಲ್ಲಿ 3200ದನ್ನು ಹಾಕಿದರೆ ಎರಡೂ ಸಾಮಾನ್ಯವಾಗಿ 2666ರಲ್ಲೇ ನಡೆಯುತ್ತವೆ. ಓಟದವನು ಜೊತೆಗಾರನ ಹೆಜ್ಜೆಗೆ ಹೊಂದಿಕೊಂಡಂತೆ. ಯಂತ್ರ ಒಪ್ಪುವ ವೇಗಕ್ಕಿಂತ ಹೆಚ್ಚಿನದಕ್ಕೆ ದುಡ್ಡು ಕೊಡುವುದು ದಂಡ.

ಒಂದೇ ದೊಡ್ಡದೋ, ಎರಡು ಚಿಕ್ಕವೋ? ಎರಡು ಸ್ಲಾಟಿನಲ್ಲಿ ಸಮನಾದ ಎರಡು ಇದ್ದರೆ ಪ್ರೊಸೆಸರ್ ಎರಡು ಬಾಗಿಲಿನಿಂದ ಒಟ್ಟಿಗೆ ಸಾಮಾನು ಸಾಗಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳಲ್ಲಿ ಚಿತ್ರಕ್ಕೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಎಂಟು ಇದ್ದು ಒಂದು ಸ್ಲಾಟ್ ಖಾಲಿಯಿದ್ದರೆ ಇನ್ನೊಂದು ಎಂಟು ಹಾಕುವುದು ಒಳ್ಳೆಯ ಲೆಕ್ಕ. ಎಂಟಕ್ಕೆ ಹದಿನಾರು ಜೋಡಿಸಿದರೂ ನಡೆಯುತ್ತದೆ, ಸಮವಾದ ಭಾಗ ಮಾತ್ರ ಎರಡು ಬಾಗಿಲಿನ ವೇಗದಲ್ಲಿ ಓಡುತ್ತದೆ. ಎರಡೂ ಸ್ಲಾಟಿನಲ್ಲಿ ನಾಲ್ಕು ನಾಲ್ಕು ಕೂತಿದ್ದರೆ ವಿಧಿಯಿಲ್ಲ, ಕನಿಷ್ಠ ಒಂದನ್ನು ತೆಗೆಯಲೇಬೇಕು. ಒಂದೇ ಕಂಪನಿಯದ್ದೇ ಆಗಬೇಕೆಂಬ ಕಡ್ಡಾಯವಿಲ್ಲ.

ಚೀಟಿಯ ಫೋಟೊ ತೆಗೆಯಿರಿ, ಅಕ್ಷರಗಳು ಸ್ಪಷ್ಟವಾಗಿ ಬಂದಿವೆಯೇ ಎಂದು ಅಲ್ಲೇ ದೊಡ್ಡದು ಮಾಡಿ ನೋಡಿ. ಖಾಲಿ ಸ್ಲಾಟಿನದೂ ಒಂದು ಫೋಟೊ ಇರಲಿ. ಬ್ಯಾಟರಿ ಜೋಡಿಸಿ, ಮುಚ್ಚಳ ಹಾಕಿ, ಎರಡು ಸ್ಕ್ರೂ ಬಿಗಿದು ಸದ್ಯಕ್ಕೆ ಕೆಲಸ ಮುಂದುವರಿಸಿ.

ಎಸ್.ಪಿ. ರಸ್ತೆಯಲ್ಲಿ

ಸದರ್ ಪತ್ರಪ್ಪ ರಸ್ತೆ ಎಂದರೆ ಆಟೊದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರಸ್ತೆ ಎಂದರೆ ಎಲ್ಲರಿಗೂ ಗೊತ್ತು. ಕಾರು ತರಬೇಡಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದು ನಡೆದರೆ ಸಾಕು. ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರ ಮಧ್ಯಾಹ್ನ ಹೋದರೆ ಭುಜಕ್ಕೆ ಭುಜ ತಾಗುವ ಜನ. ಆಗುವುದಾದರೆ ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ.

ನಾವು ಹೋದ ಅಂಗಡಿ ನಾಲ್ಕಡಿ ಅಗಲದ್ದು. ‘ಯಾವ ಮಾಡೆಲ್ ಸಾರ್?’ ಎಂದರು. ಮಾದರಿ ಹೇಳಲಿಲ್ಲ, ಫೋಟೊ ತೋರಿಸಿದೆವು. ಅವರು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಅರ್ಧ ಸಾಲು ಓದುವಷ್ಟರಲ್ಲೇ ಅಟ್ಟದ ಮೇಲಿದ್ದ ಹುಡುಗನಿಗೆ ಕೂಗಿ ಹೇಳಿದರು. ಎರಡೇ ನಿಮಿಷದಲ್ಲಿ ಪೊಟ್ಟಣ ಕೈಯಲ್ಲಿತ್ತು. ಒಂದು ಫೋಟೊ ಇದ್ದರೆ ಮಾತುಕತೆ ಇಷ್ಟು ಚಿಕ್ಕದಾಗುತ್ತದೆ.

ಮೊಹರು ಒಡೆಯದ ಪೊಟ್ಟಣ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಜೊತೆಗೆ ರ‍್ಯಾಮಿನ ಸೀರಿಯಲ್ ಸಂಖ್ಯೆಯನ್ನೂ ಬರೆಸಿ. ಬಿಲ್ ಬೇಡವಾದರೆ ಇಷ್ಟು ಕಡಿಮೆ ಎಂಬ ಮಾತು ಎಲ್ಲಾದರೂ ಬಂದೇ ಬರುತ್ತದೆ. ಶೇಕಡ 18ರ ತೆರಿಗೆ ಉಳಿಯುವ ಆಸೆ ಸಹಜ, ಆದರೆ ಬಿಲ್ಲಿಲ್ಲದ ರ‍್ಯಾಮಿಗೆ ವಾರಂಟಿ ಎಂಬುದು ಬಾಯಿಮಾತು. ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತೀರಿ ಎಂದು ಕೇಳಿ ಅದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಡಿಡಿಆರ್ 3ಎಲ್ ಬೇಕಾದವರಿಗೆ ಮಾತ್ರ ಬಳಸಿದ ರ‍್ಯಾಮ್ ಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ರ‍್ಯಾಮ್ ಬ್ಯಾಟರಿಯಂತೆ ಸವೆಯುವ ವಸ್ತುವಲ್ಲ. ಅಂಗಡಿಯಲ್ಲೇ ಒಂದು ಯಂತ್ರಕ್ಕೆ ಹಾಕಿ ತೋರಿಸಲು ಹೇಳಿ ತೆಗೆದುಕೊಳ್ಳಿ.

ಬೆಲೆಯನ್ನು ಇಲ್ಲಿ ಬರೆದರೆ ನೀವು ಓದುವಷ್ಟರಲ್ಲಿ ಸುಳ್ಳಾಗುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ದರ ಜಗತ್ತಿನಾದ್ಯಂತ ಜಿಗಿದಿದೆ. ಈ ಚಿಪ್ಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವು ಮುಖ್ಯವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಅವುಗಳ ಸರಕನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್, ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರದಿಂದಲೇ ಹೊರಬರುವುದಾಗಿ ಘೋಷಿಸಿತು. ಹಾಗಾಗಿ ಹೊರಡುವ ದಿನದ ಬೆಳಿಗ್ಗೆ ಆನ್‌ಲೈನಿನ ಎರಡು ಮೂರು ಕಡೆ ದರ ನೋಡಿಕೊಂಡು ಹೋಗಿ. ಅಗತ್ಯ ಎಂಟರದ್ದಾದರೆ ಹದಿನಾರರ ಆಸೆಯನ್ನು ಈ ವರ್ಷ ತಡೆದುಕೊಳ್ಳಿ ಎಂದೇ ನನ್ನ ಸಲಹೆ.

ಕೂರಿಸುವುದು

ಮತ್ತೆ ಅದೇ ಕ್ರಮ: ಶಿಫ್ಟ್ ಹಿಡಿದು ಆಫ್, ಸ್ಕ್ರೂ, ಮುಚ್ಚಳ, ಬ್ಯಾಟರಿ, ಹದಿನೈದು ಸೆಕೆಂಡು. ಎರಡನೆಯ ಸಲ ಕೈ ತಾನೇ ನಡೆಯುತ್ತದೆ.

ಹಳೆಯದನ್ನು ತೆಗೆಯಬೇಕಾದರೆ ಎರಡೂ ಕಡೆಯ ಕ್ಲಿಪ್ಪುಗಳನ್ನು ಉಗುರಿನಿಂದ ಒಟ್ಟಿಗೆ ಹೊರಕ್ಕೆ ಸರಿಸಿ. ರ‍್ಯಾಮ್ ತಾನಾಗಿಯೇ ಮೇಲೆದ್ದು ಓರೆಯಾಗಿ ನಿಲ್ಲುತ್ತದೆ. ಎದ್ದ ಓರೆಯಲ್ಲೇ ಅಂಚು ಹಿಡಿದು ಎಳೆಯಿರಿ.

ಹೊಸದನ್ನು ಪೊಟ್ಟಣದಿಂದ ತೆಗೆದಾಗ ಚಿನ್ನದ ಬಣ್ಣದ ಗೆರೆಗಳನ್ನು ಮುಟ್ಟಬೇಡಿ. ಕಚ್ಚು ಮಧ್ಯದಲ್ಲಿರುವುದಿಲ್ಲ, ಒಂದು ಕಡೆಗೆ ಸರಿದಿರುತ್ತದೆ. ಅದನ್ನು ಸ್ಲಾಟಿನ ಉಬ್ಬಿಗೆ ಎದುರಾಗಿ ಹಿಡಿದರೆ ಮೇಲ್ಮುಖ ಯಾವುದೆಂಬುದು ತಾನೇ ತಿಳಿಯುತ್ತದೆ. ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಇಟ್ಟು, ಎರಡೂ ಹೆಬ್ಬೆರಳನ್ನು ಎರಡು ಮೂಲೆಗೆ ಕೊಟ್ಟು ಒಳಕ್ಕೆ ದೂಡಿ. ಚಿನ್ನದ ಗೆರೆ ಬಹುಪಾಲು ಮರೆಯಾಗಬೇಕು. ಆಮೇಲಷ್ಟೇ ಕೆಳಕ್ಕೆ ಒತ್ತುವುದು. ಎರಡೂ ಕ್ಲಿಪ್ಪು ಟಕ್ಕೆಂದು ಕಚ್ಚಿಕೊಳ್ಳುತ್ತವೆ.

ನಮ್ಮಲ್ಲಿ ಎಡವಟ್ಟಾದದ್ದು ಇಲ್ಲಿ. ಮುರಿದುಹೋದೀತೆಂಬ ಭಯದಿಂದ ಅವಳು ಮೆಲ್ಲಗೆ ದೂಡಿ, ಬೇಗ ಕೆಳಕ್ಕೆ ಒತ್ತಿಬಿಟ್ಟಳು. ಕ್ಲಿಪ್ಪೇನೋ ಕೂಗಿತು. ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು, ಕ್ಯಾಪ್ಸ್ ಲಾಕ್ ದೀಪ ಮಾತ್ರ ಒಂದೇ ಸಮನೆ ಮಿಟುಕುತ್ತಿತ್ತು. ಅವಳ ಮುಖ ನೋಡಲಾಗಲಿಲ್ಲ. ಆರಿಸಿ, ಮತ್ತೆ ಬ್ಯಾಟರಿ ಬಿಡಿಸಿ ಟಾರ್ಚ್ ಹಿಡಿದು ಬಗ್ಗಿ ನೋಡಿದೆವು: ಎಡಗಡೆ ಗೆರೆ ಪೂರ್ತಿ ಮುಳುಗಿದೆ, ಬಲಗಡೆ ಅಕ್ಕಿಕಾಳಿನ ದಪ್ಪದಷ್ಟು ಚಿನ್ನ ಹೊರಗೆ ಹೊಳೆಯುತ್ತಿದೆ. ಕಿತ್ತು, ಈ ಸಲ ಧೈರ್ಯವಾಗಿ ದೂಡಿದಳು. ಬಾಗಿಲಿನ ಚಿಲಕ ಕೂರಿಸುವಷ್ಟು ಬಲ ಬೇಕಾಗುತ್ತದೆ, ಅಷ್ಟಕ್ಕೆಲ್ಲ ಅದು ಮುರಿಯುವುದಿಲ್ಲ. ಗೆರೆ ಎರಡೂ ಕಡೆ ಸಮವಾಗಿ ಮುಳುಗಿದೆಯೇ ಎಂದು ನೋಡದೆ ಮುಂದಕ್ಕೆ ಹೋಗಬೇಡಿ.

ಗುಂಡಿ ಒತ್ತಿದ ಮೇಲೆ

ಮುಚ್ಚಳವನ್ನು ಸುಮ್ಮನೆ ಇಟ್ಟು, ಸ್ಕ್ರೂ ಹಾಕದೆಯೇ ಒಮ್ಮೆ ಚಾಲು ಮಾಡಿ ನೋಡುವುದು ನನ್ನ ಪದ್ಧತಿ. ಮೊದಲ ಸಲ ಎಂದಿಗಿಂತ ತಡವಾಗುತ್ತದೆ. ಡಿಡಿಆರ್ 5 ಆದರೆ ಯಂತ್ರವು ಹೊಸ ರ‍್ಯಾಮಿನೊಂದಿಗೆ ತಾಳ ಹೊಂದಿಸಿಕೊಳ್ಳುವವರೆಗೆ ಪರದೆ ಒಂದೆರಡು ನಿಮಿಷವೂ ಕಪ್ಪಗಿರಬಹುದು. ಆಗ ಗುಂಡಿ ಒತ್ತಿ ಆರಿಸುವುದೇ ಎಲ್ಲರೂ ಮಾಡುವ ತಪ್ಪು. ಐದು ನಿಮಿಷ ಕಾಯಿರಿ. ಮೆಮೊರಿಯ ಗಾತ್ರ ಬದಲಾಗಿದೆ ಎಂಬ ಸಂದೇಶ ಬಂದರೆ ಒಪ್ಪಿಕೊಂಡು ಮುಂದೆ ಹೋಗಿ.

ಅಷ್ಟಾದರೂ ಬಾರದಿದ್ದರೆ ಪ್ರತಿ ಸಲವೂ ಬ್ಯಾಟರಿ ಬಿಡಿಸಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಕಿತ್ತು ಮತ್ತೆ ಕೂರಿಸಿ. ಹೊಸದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ಹಳೆಯದೊಂದನ್ನೇ ಹಾಕಿದಾಗ ಯಂತ್ರ ಏಳುತ್ತದೆ, ಹೊಸದಕ್ಕೆ ಯಾವ ಸ್ಲಾಟಿನಲ್ಲೂ ಏಳುವುದಿಲ್ಲ ಎಂದಾದರೆ ಬಿಲ್ ಹುಡುಕುವ ಹೊತ್ತು ಬಂತು. ಅದಕ್ಕೂ ಮುಂಚೆ ಹಳೆಯ ರ‍್ಯಾಮಿನೊಂದಿಗೆ ಚಾಲು ಮಾಡಿ ಕಂಪನಿಯ ತಾಣದಿಂದ ಬಯೋಸ್‌ನ ಹೊಸ ಆವೃತ್ತಿ ಹಾಕಿ ಒಮ್ಮೆ ಪ್ರಯತ್ನಿಸಬಹುದು. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಗೆರೆ ಉಜ್ಜುವುದನ್ನು ನೋಡಿರುತ್ತೀರಿ. ಹಳೆಯದಕ್ಕೆ ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ, ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತಲೆನೋವು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆ ಮೇಲು.

ವಿಂಡೋಸ್ ತೆರೆದರೆ ಮತ್ತೆ ಅದೇ ಮೆಮೊರಿ ಪುಟ. ಹದಿನಾರು ಹಾಕಿದ್ದಕ್ಕೆ ಬಳಕೆಗೆ ಹದಿನೈದೂ ಚಿಲ್ಲರೆ ತೋರಿಸಿದರೆ ಮೋಸವಾಯಿತೆಂದುಕೊಳ್ಳಬೇಡಿ, ಉಳಿದದ್ದನ್ನು ಗ್ರಾಫಿಕ್ಸ್ ತನ್ನ ಪಾಲಿಗೆ ಎತ್ತಿಟ್ಟುಕೊಂಡಿರುತ್ತದೆ. ಎಷ್ಟು ಹಾಕಿದರೂ ಬಳಕೆಗೆ ನಾಲ್ಕರೊಳಗೇ ಸಿಗುತ್ತಿದ್ದರೆ ನಿಮ್ಮಲ್ಲಿರುವುದು 32 ಬಿಟ್‌ನ ವಿಂಡೋಸ್; ರ‍್ಯಾಮ್ ಸರಿಯಾಗಿಯೇ ಇದೆ, ವಿಂಡೋಸನ್ನು 64 ಬಿಟ್‌ಗೆ ಬದಲಿಸಬೇಕು. ಚೀಟಿಯ ಮೇಲೆ ಒಂದು, ಒಳಗೆ ಇನ್ನೊಂದು ಎಂಬ ಅನುಮಾನವಿದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ‘ಎಸ್‌ಪಿಡಿ’ ಪುಟ ರ‍್ಯಾಮಿನೊಳಗೇ ಬರೆದಿರುವ ಜಾತಕವನ್ನು ಓದಿ ಹೇಳುತ್ತದೆ.

ರಾತ್ರಿ ಮಲಗುವ ಮುನ್ನ ಚಾರ್ಜರ್ ಹಾಕಿ, ಹುಡುಕುವ ಪೆಟ್ಟಿಗೆಯಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂದು ಟೈಪಿಸಿ ಪರೀಕ್ಷೆಗೆ ಬಿಡಿ. ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆಂದರೆ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಇಡೀ ರಾತ್ರಿ ಓಡಿಸಿ. ಒಂದೇ ಒಂದು ದೋಷ ಬಂದರೂ ಬದಲಿಸಿಕೊಳ್ಳಿ. ಆಗಾಗ ನೀಲಿ ಪರದೆ, ತೆರೆಯದ ಕಡತ, ಕಾರಣವಿಲ್ಲದೆ ಮುಚ್ಚಿಕೊಳ್ಳುವ ಬ್ರೌಸರ್, ಇವೆಲ್ಲ ಅಂಥ ಒಂದು ದೋಷದಿಂದಲೂ ಶುರುವಾಗಬಹುದು.

ಪರೀಕ್ಷೆ ದಾಟಿದ ಮೇಲೆ ಸ್ಕ್ರೂ ಬಿಗಿಯಿರಿ. ಮೊದಲು ನಾಲ್ಕು ಮೂಲೆ, ಆಮೇಲೆ ನಡುವಿನವು; ಬಿಗಿಯಾಯಿತು ಎನಿಸಿದಲ್ಲಿಗೆ ನಿಲ್ಲಿಸಿ. ಹೊರಬಂದ ಹಳೆಯ ರ‍್ಯಾಮನ್ನು ಒಣ ಕಸದ ಚೀಲಕ್ಕೆ ಹಾಕಬೇಡಿ. ಹೊಸದು ಬಂದ ಪೊಟ್ಟಣದಲ್ಲೇ ಅದನ್ನು ಇಟ್ಟು ಮೇಲೆ ಜಾತಿ, ವೇಗ ಬರೆದಿಡಿ. ಎಸ್.ಪಿ. ರಸ್ತೆಯಲ್ಲಿ ಹಳೆಯದಕ್ಕೂ ಕೊಳ್ಳುವವರಿದ್ದಾರೆ, ಕೆಟ್ಟದ್ದಾದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಎಲ್ಲ ಮುಗಿದ ಮೇಲೂ ಹಂಚಿನಲ್ಲಿ ಒಂದು ಸ್ಕ್ರೂ ಉಳಿದಿದೆಯೇ? ಯಾವ ಗುಳಿಯಲ್ಲಿದೆ ನೋಡಿ, ಅದೇ ಜಾಗದ ರಬ್ಬರ್ ಕಾಲನ್ನು ಎತ್ತಿ. ನಮ್ಮದು ಅಲ್ಲೇ ಇತ್ತು.